ಎರಡು ಸೀಟಿನ ಗಾಡಿ, ಕಟ್ಟಿಗೆಯ ಸ್ಟೇರಿಂಗ್

ಸ್ಟೇರಿಂಗ್ ಎಂದರೆ ಕರಿಯದು, ಪ್ಲಾಸ್ಟಿಕ್ಕಿನದು, ಡ್ರೈವರನ ಹೊಟ್ಟೆಗೆ ತಾಗುವಂಥದು ಎಂದು ನಾನು ಐವತ್ತು ವರ್ಷ ತಿಳಿದಿದ್ದೆ. ಕಲಘಟಗಿಯಿಂದ ಹುಬ್ಬಳ್ಳಿಗೆ ಹೋಗುವ ಬಸ್ಸಿನಲ್ಲಿ ಮುಂದಿನ ಸೀಟು ಸಿಕ್ಕಾಗ ಕಂಡದ್ದು ಅಷ್ಟೇ. ಕಟ್ಟಿಗೆಯದೂ ಇರುತ್ತದೆ ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಅದೂ ನಾನು, ಕಟ್ಟಿಗೆಯ ಪುಡಿಯಲ್ಲೇ ಅಂಬೆಗಾಲಿಟ್ಟವಳು.

ನಮ್ಮದು ತೊಟ್ಟಿಲು ಮಾಡುವ ಮನೆ. ಅಪ್ಪ ತೊಟ್ಟಿಲಿನ ಕಾಲು, ಗೂಟ, ಪಕ್ಕದ ಪಟ್ಟಿ ಎಲ್ಲ ಕಡೆಯುತ್ತಾನೆ. ನಾನು ಅರಗು ಹಚ್ಚಿ, ಕೇದಿಗೆ ಎಲೆಯಿಂದ ತಿಕ್ಕಿ ಮಿಂಚು ಬರಿಸಿ, ಹಲಗೆಗಳ ಮೇಲೆ ಬಣ್ಣದ ಚಿತ್ರ ಬರೆಯುತ್ತೇನೆ. ಮದುವೆಯಾಗಿ ನಾನು ಹೋದದ್ದು ಬಾಜೂ ಓಣಿಗೆ. ಹೀಗಾಗಿ ಅಡುಗೆ ಅಲ್ಲಿ, ಕೆಲಸ ಇಲ್ಲಿ ಅಪ್ಪನ ಪಡಸಾಲೆಯಲ್ಲಿ. ಇಬ್ಬರೂ ಒಂದೇ ಜಾತಿಯ ಸಿಡುಕರು. ದಿನಕ್ಕೆ ಎರಡು ಸಲ ಜಗಳ ಆಗದಿದ್ದರೆ ಇಬ್ಬರಲ್ಲಿ ಒಬ್ಬರಿಗೆ ಜ್ವರ ಬಂದಿದೆ ಎಂದೇ ಅರ್ಥ.

ಹೋದ ವರ್ಷ ಸುಗ್ಗಿ ಮುಗಿದ ಮೇಲೆ ಒಂದು ಮುಂಜಾನೆ ತಂಬೂರು ಎಂಬ ಊರಿನ ಸಾಹುಕಾರರು ಬಂದರು. ಅರವತ್ತರ ಆಸುಪಾಸಿನವರು, ಕಲಘಟಗಿಯಲ್ಲಿ ಅವರದು ಬೀಜ-ಗೊಬ್ಬರದ ಅಂಗಡಿ. ಮೊಮ್ಮಗನಿಗೆ ತೊಟ್ಟಿಲು ಹೇಳಲು ಬಂದಿರಬೇಕು ಎಂದು ನಾನು ಮನೆಯೊಳಗೆ ನೀರು ತರಲು ಹೊರಟಿದ್ದೆ. ಅವರು ಬಗಲಲ್ಲಿ ಹಿಡಿದಿದ್ದ ಹಳೆಯ ಚಾದರದ ಗಂಟನ್ನು ಬಿಚ್ಚಿದರು. ಒಳಗೆ ದುಂಡನೆಯದೊಂದು ಸಾಮಾನು.

"ಅಕ್ಕಾರ, ಇದನ್ನ ಕೂಡಸಾಕ ಆಗತೈತೇನ್ರಿ?"

ಮೊರದಷ್ಟು ಅಗಲ. ಸುತ್ತಲೂ ಹೆಬ್ಬೆರಳಿನ ದಪ್ಪದ ಕಟ್ಟಿಗೆಯ ದುಂಡು ಬಳಸು, ಅದಕ್ಕೆ ಸಣ್ಣ ಸಣ್ಣ ಮೊಳೆಯ ತಲೆಗಳು. ನಡುವಿನಿಂದ ಮೂರು ಅಲ್ಯುಮಿನಿಯಮ್ ಪಟ್ಟಿಗಳು ಚಾಚಿದ್ದವು, ಅವುಗಳಲ್ಲಿ ಬೂಂದಿ ಕರಿಯುವ ಝಾರಾದ ಹಾಗೆ ತೂತುಗಳು. ಕಟ್ಟಿಗೆಯ ಒಂದು ಕಡೆ ಬೆಸುಗೆ ಬಿಟ್ಟು ಬಾಯಿ ತೆರೆದಿತ್ತು. ನಾನು ಅದನ್ನು ಮೇಲೆ ಕೆಳಗೆ ಮಾಡಿ ನೋಡಿದೆ. ತೊಟ್ಟಿಲಿನ ಯಾವ ಅಂಗಕ್ಕೂ ಅದು ಹೊಂದಲಿಲ್ಲ.

"ಏನ್ರಿ ಇದು?"

"ಗಾಡೀ ಸ್ಟೇರಿಂಗ್ ರೀ. ನಮ್ಮಪ್ಪಂದು."

ಅಪ್ಪ ಕೂತಲ್ಲಿಂದ ಎದ್ದು ಬಂದ. ಅಪ್ಪ ಕೆಲಸ ಬಿಟ್ಟು ಏಳುವುದು ಊಟಕ್ಕೆ, ಇಲ್ಲವೇ ಯಾರಾದರೂ ಅಪರೂಪದ ಕಟ್ಟಿಗೆ ತಂದಾಗ. ಅದನ್ನು ಕೈಗೆ ತೆಗೆದುಕೊಂಡು ಮೂಸಿದ, ಉಗುರಿನಿಂದ ಬಡಿದ, ಕಿವಿಗೆ ಹಿಡಿದ. ತೇಗವಲ್ಲ, ಬೇವಲ್ಲ. ಅಕ್ರೋಟದ ಮರವಿರಬೇಕು ಎಂದ. ಆಮೇಲೆ ಬೆರಳಿನಿಂದ ಬಳಸಿನ ಮೇಲೆ ಸುತ್ತು ಹಾಕುತ್ತ ಎಣಿಸಿದ. ಆರು ತುಂಡು. ಒಂದೇ ಹಲಗೆಯಲ್ಲಿ ದುಂಡಗೆ ಕೊರೆದರೆ ನಾರು ಅಡ್ಡ ಬಿದ್ದ ಕಡೆ ಪಟ್ಟನೆ ಮುರಿಯುತ್ತದೆ. ಹಾಗಾಗಿ ಆರು ತುಂಡು ಮಾಡಿ, ಪ್ರತಿ ತುಂಡಿನಲ್ಲೂ ನಾರು ಬಳಸಿನ ಜೊತೆಗೇ ಓಡುವ ಹಾಗೆ ಕೂಡಿಸಿದ್ದರು. ಹಿಂದಿನ ಬದಿಯಲ್ಲಿ ಬೆರಳುಗಳು ಕೂರಲು ಅಲೆ ಅಲೆಯಾಗಿ ಕಡೆದಿದ್ದರು.

"ಇದನ್ನ ಮಾಡಿದಂವ ಯಾವ ದೇಶದಂವರ ಇರಲಿ, ಕೈ ಅಂದ್ರ ಏನು ಅಂತ ಅವಗ ತಿಳದಿತ್ತು," ಎಂದ ಅಪ್ಪ. ನನ್ನ ಕೆಲಸಕ್ಕೆ ಅಂಥ ಒಂದು ಮಾತು ಅವನ ಬಾಯಿಂದ ಬಂದದ್ದು ನೆನಪಿಲ್ಲ. ಹೊಟ್ಟೆ ಉರಿಯಿತು ಅಂತಲೇ ಇಟ್ಟುಕೊಳ್ಳಿ.

ಕಬ್ಬಿಣ ಬಿಟ್ಟು ಕಟ್ಟಿಗೆ ಯಾಕೆ ಎಂದು ಕೇಳಿದೆ. ಸಾಹುಕಾರರಿಗೆ ಇಂಥ ಪ್ರಶ್ನೆ ಯಾರೂ ಕೇಳಿರಲಿಲ್ಲವೋ ಏನೋ, ಖುಷಿಯಾದರು. ಅದು ಇಂಗ್ಲೆಂಡಿನ ಓಟದ ಗಾಡಿಯಂತೆ. ಹತ್ತಿ ಗಿರಣಿಯ ಒಬ್ಬ ಪರದೇಶದ ಇಂಜಿನಿಯರ್ ತನ್ನ ಊರಿಗೆ ಮರಳಿ ಹೋಗುವಾಗ ಇವರ ಅಪ್ಪನಿಗೆ ಕೊಟ್ಟು ಹೋದದ್ದು. ಅಂಥ ಗಾಡಿಯಲ್ಲಿ ಎಲ್ಲವೂ ಹಗುರ ಇರಬೇಕು. ಕಟ್ಟಿಗೆ ಹಗುರ, ಬೆವರಿದ ಕೈಗೂ ಹತ್ತುತ್ತದೆ, ಬಿಸಿಲಿಗೆ ಸುಡುವುದಿಲ್ಲ. "ಕೆಳಗ ರಸ್ತೆ ಹೆಂಗೈತಿ ಅಂತ ಅಂಗೈಗೆ ಹೇಳತೈತಂತ್ರಿ," ಎಂದರು. ಈಗ ಹಳೆಯ ಗಾಡಿಗಳ ಮರುಳು ಹಿಡಿದವರು ಬಾಗಿಲು ತೆಗೆದ ಕೂಡಲೇ ನೋಡುವುದು ಇದನ್ನೇ. ಸ್ಟೇರಿಂಗ್ ಒರಿಜಿನಲ್ಲೋ, ಆಮೇಲೆ ಕೂಡಿಸಿದ್ದೋ ಎಂದು. ಹುಬ್ಬಳ್ಳಿಯ ಮೆಕ್ಯಾನಿಕ್ ಇಂಜಿನ್ ಚಾಲೂ ಮಾಡಿಕೊಟ್ಟನಂತೆ, ಇದನ್ನು ಮಾತ್ರ ಒಗೆದು ಹೊಸದು ಹಾಕಿಸಿರಿ ಎಂದನಂತೆ.

"ಹೊಸದು ಹಾಕ್ಸೂದಾದ್ರ ಗಾಡೀನಽ ಬ್ಯಾಡ ನನಗ," ಎಂದರು ಸಾಹುಕಾರರು. "ಅಪ್ಪ ಹೋಗಿ ಮೂವತ್ತು ವರ್ಷ ಆತ್ರಿ. ಒಂದು ಫೋಟೋ ಬಿಟ್ರ ಇದೊಂದಽ ಉಳದೈತಿ. ಅವರ ಕೈ ಇದರಾಗ ಐತ್ರಿ."

ಸಣ್ಣವರಿದ್ದಾಗ ಊರಿನ ತಮ್ಮ ದೊಡ್ಡ ಮನೆ, ಆ ವಾಡೆಯ ಕಟ್ಟೆಯ ಮೇಲೆ ನಿಂತು ಕಾಯುತ್ತಿದ್ದರಂತೆ. ಊರ ಬಾಗಿಲಲ್ಲಿ ಹಾರ್ನ್ ಕೇಳುತ್ತಿತ್ತು. ಅಪ್ಪ ಕರಿಯ ಟೊಪ್ಪಿಗೆ ಹಾಕಿಕೊಂಡು, ಎದೆ ಸೆಟೆಸಿ, ಗಾಡಿ ಹೊಡೆದುಕೊಂಡು ಬರುತ್ತಿದ್ದರು. ಬಾಜೂ ಸೀಟಿನಲ್ಲಿ ತಲೆ ತುಂಬ ಸೆರಗು ಹೊದ್ದ ತಾಯಿ. "ನಮ್ಮನ್ನ ಒಮ್ಮೆಯೂ ಕೂಡಿಸಿಕೊಳ್ಳಲಿಲ್ರಿ. ಎರಡಽ ಸೀಟು. ಮಕ್ಕಳಿಗೆ ಜಾಗಾನಽ ಇಲ್ಲ." ಅದನ್ನು ಹೇಳುವಾಗ ಅವರ ಮುಖ ಹತ್ತು ವರ್ಷದ ಹುಡುಗನ ಮುಖದಂತೆ ಸಣ್ಣದಾಯಿತು. ನನಗೆ ಪಾಪ ಅನಿಸಿತು.

ಹೋಗುವಾಗ ಮತ್ತೆ ಮತ್ತೆ ಹೇಳಿದರು. "ಬಿರುಕು ಅಷ್ಟಽ ಕೂಡಸ್ರಿ. ಜಿಡ್ಡು ಒರಸ್ರಿ. ಮ್ಯಾಲ ಬ್ಯಾರೆ ಏನೂ ಮಾಡಬ್ಯಾಡ್ರಿ. ಅಪ್ಪನ ಕೈ ಹತ್ತಿದ್ದು ಹೋಗಬಾರದು." ಆಗಲಿ ಎಂದು ಮಾತು ಕೊಟ್ಟವಳು ನಾನೇ.

ಇಲ್ಲಿ ನಮ್ಮ ಮನೆಯ ಒಂದು ರೂಢಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಒಂದು ತೊಟ್ಟಿಲು ನಾಲ್ಕು ತಲೆಮಾರು ಬಾಳುತ್ತದೆ. ನಡುವೆ ಸಡಿಲಾದದ್ದನ್ನು ಬಿಗಿ ಮಾಡಿಸಲು ಜನ ತರುತ್ತಾರೆ. ಹಾಗೆ ಬಂದ ಹಳೆಯ ತೊಟ್ಟಿಲಿನ ಪಕ್ಕದ ಪಟ್ಟಿಯಲ್ಲಿ ಸಾಲಾಗಿ ಸಣ್ಣ ತಗ್ಗುಗಳಿರುತ್ತವೆ. ತೂಗುವ ತಾಯಿಯ ಬಳೆಗಳು ವರ್ಷಗಟ್ಟಲೆ ಬಡಿದು ಬಡಿದು ಬಿದ್ದ ಗುರುತು. ಬಣ್ಣ ಎಷ್ಟು ಹಳೆಯದಾಗಿದ್ದರೂ ನಾವು ಮುಟ್ಟುವುದಿಲ್ಲ, ಆದರೆ ಬಳೆ ಗುರುತು ಮಾತ್ರ ತುಂಬಲೇಬೇಕು. ಹೊಸ ಬಾಣಂತಿ ತನ್ನ ಗುರುತು ತಾನೇ ಮಾಡಿಕೊಳ್ಳಲಿ, ಹಿಂದಿನವಳ ಬಳೆ ಅವಳ ಕೈಗೆ ತಾಗಬಾರದು ಎಂದು ನಮ್ಮ ಅಜ್ಜಿ ಹಾಕಿಕೊಟ್ಟದ್ದು. ಅಂಚನ್ನು ಕೆರೆದು, ಬಿಸಿ ಅರಗು ಬಿಟ್ಟು, ಕೇದಿಗೆ ಎಲೆಯಿಂದ ತಿಕ್ಕಿದರೆ ಗುರುತು ಮಾಯ. ಎಂಟು ವರ್ಷದವಳಿದ್ದಾಗಿನಿಂದ ನಾನು ಮಾಡಿದ ಕೆಲಸ ಅದು. ಕಣ್ಣು ಕಟ್ಟಿದರೂ ಮಾಡುತ್ತೇನೆ.

ಅಪ್ಪ ಬಿರುಕಿನ ಹಳೆಯ ಅಂಟು ತೆಗೆದು, ಹೊಸದು ಹಾಕಿ, ಹಗ್ಗ ಬಿಗಿದು, ಬೆಣೆ ಹೊಡೆದು ಮೂರು ದಿನ ಇಟ್ಟ. ಕೂಡಿದ ಜಾಗ ಎಲ್ಲಿದೆ ಎಂದು ಹುಡುಕಬೇಕು, ಹಾಗೆ ಕೂತಿತು. ನಾಲ್ಕನೆಯ ದಿನ ನಾನು ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಜಿಡ್ಡು ಒರೆಸಲು ಕುಳಿತೆ. ಬಾಜೂ ಮನೆಯವಳು ಮಗಳ ಬೀಗರ ಬಗ್ಗೆ ಹೇಳುತ್ತ ಕಟ್ಟೆಯ ಮೇಲೆ ಕೂತಿದ್ದಳು. ಆ ಬೀಗರ ಕಥೆ ಅಗದೀ ಬೆರಗಿನದು, ನನ್ನ ಕಿವಿ ಪೂರ್ತಿ ಅಲ್ಲೇ ಇತ್ತು. ಕಥೆ ಮುಗಿಯುವ ಹೊತ್ತಿಗೆ ಕೆಲಸವೂ ಮುಗಿದಿತ್ತು. ಕಟ್ಟಿಗೆ ಬೆಲ್ಲದ ಬಣ್ಣಕ್ಕೆ ತಿರುಗಿ ಮಿಂಚುತ್ತಿತ್ತು. ನನಗೇ ಭಾರಿ ಸಮಾಧಾನ.

ಅಪ್ಪ ಬಂದು ಹೆಬ್ಬೆರಳಿನಿಂದ ಅದರ ಸುತ್ತ ಒಂದು ಸಲ ಸವರಿದ. ಬಲಗಡೆ ಕೆಳಗೆ ಬಂದಾಗ ಬೆರಳು ನಿಂತಿತು.

"ಇಲ್ಲೇನೋ ತುಂಬಿ ಅಲಾ?"

"ಹೂಂ, ಬಳಿ ಗುರುತು ಇದ್ದೂ. ತುಂಬಿದೆ."

ಅಪ್ಪ ನನ್ನ ಮುಖ ನೋಡಿದ. ನಾನು ಅಪ್ಪನ ಮುಖ ನೋಡಿದೆ.

"ಲೇ, ಇದು ತೊಟ್ಟಲಾ ಅಲ್ಲಲೇ," ಎಂದ.

ಏನೂ ಮಾಡಬೇಡಿ ಎಂದವರ ಸಾಮಾನಿಗೆ ಅರಗು ತುಂಬಿ ಕೂತಿದ್ದೆ. ಅಪ್ಪನ ಕೈ ಹತ್ತಿದ್ದು ಹೋಗಬಾರದು ಎಂದಿದ್ದರಲ್ಲ, ಆ ಕೈಯನ್ನೇ ಅಳಿಸಿದ್ದೆ. ನನ್ನನ್ನು ನಾನೇ ಬೈದುಕೊಂಡೆ, ಬಾಜೂ ಮನೆಯವಳನ್ನೂ ಅವಳ ಬೀಗರನ್ನೂ ಸೇರಿಸಿ ಬೈದೆ. ಬೈದು ಮುಗಿದ ಮೇಲೆ ಎರಡನೆಯ ವಿಚಾರ ತಲೆಗೆ ಬಂತು. ಬಳೆ ಗುರುತು? ಗಂಡಸರ ಗಾಡಿಯ ಸ್ಟೇರಿಂಗಿನ ಮೇಲೆ?

ಅಪ್ಪನಿಗೆ ಅದು ನನಗಿಂತ ಮೊದಲೇ ಹೊಳೆದಿತ್ತು. "ತುಂಬಿದ್ದು ಚೊಲೋನಽ ಆತು. ಹಂಗಽ ಕೊಟ್ಟು ಕಳಸು," ಎಂದ.

"ಅವರು ಅಪ್ಪನ ಕೈ ಅಂತ ನಂಬ್ಯಾರಪ್ಪಾ."

"ನಂಬಲಿ. ನಂಬಿದ್ರ ನಿನಗೇನು ತ್ರಾಸ? ಯಾರ ಬಳಿ, ಏನು ಕಥಿ ಅಂತ ನಮಗ ಗೊತ್ತೈತೇನು? ಸತ್ತವರ ಹೆಸರು ಕೆಡಸೂ ಕೆಲಸ ನಮಗ ಬ್ಯಾಡ."

ಮಾತು ಸರಿಯಾಗಿಯೇ ಇತ್ತು. ಸರಿಯಾದ ಮಾತು ಕೇಳಿ ಸುಮ್ಮನಿರುವ ಗುಣ ಮಾತ್ರ ನನ್ನಲ್ಲಿಲ್ಲ. ಅರಗಿನ ಒಂದು ಒಳ್ಳೆಯತನ ಎಂದರೆ ಬಿಸಿ ತೋರಿಸಿದರೆ ಅದು ಮರಳಿ ಬಿಡುತ್ತದೆ. ಕಾದ ಕಬ್ಬಿಣದ ಸರಳನ್ನು ಹತ್ತಿರ ಹಿಡಿದು, ಅರಗು ಮೆತ್ತಗಾದ ಹಾಗೆ ಬೇವಿನ ಕಡ್ಡಿಯಿಂದ ಒಂದೊಂದನ್ನೇ ಎತ್ತಿ ತೆಗೆದೆ. ಅರ್ಧ ದಿನ ಹಿಡಿಯಿತು. ಗುರುತುಗಳೆಲ್ಲ ತಿರುಗಿ ಬಂದವು, ಒಂದನ್ನು ಬಿಟ್ಟು. ಸಾಲಿನ ತುದಿಯದನ್ನು ಅರಗು ಹಾಕುವ ಮೊದಲೇ ನಾನು ಪೂರ್ತಿ ಕೆರೆದು ಸಪಾಟು ಮಾಡಿದ್ದೆ. ಅಲ್ಲಿ ಎಷ್ಟು ಬಿಸಿ ತೋರಿಸಿದರೂ ಬರುವಂಥದ್ದು ಏನೂ ಇರಲಿಲ್ಲ.

ಉಳಿದವುಗಳನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದೆ. ಸಾಲಿನ ಒಂದು ತುದಿಯಲ್ಲಿ ಅಗಲವಾದ ಒಂದು ತಗ್ಗು, ಅದರ ಬಾಜೂ ಗೀಟಿನಂಥ ಸಣ್ಣವು ಒತ್ತೊತ್ತಾಗಿ. ನಮ್ಮ ಕಡೆ ಗಂಡನುಳ್ಳ ಹೆಂಗಸಿನ ಕೈ ನೋಡಿದವರಿಗೆ ಬೇರೆ ಹೇಳುವುದು ಬೇಕಿಲ್ಲ. ಎರಡು ತುದಿಗೆ ಚಿನ್ನದ ಅಗಲ ಬಳೆ, ಪಾಟ್ಲಿ, ನಡುವೆ ಹಸಿರು ಗಾಜಿನ ಬಳೆ. ನಾನು ಕೆರೆದು ಹಾಕಿದ್ದು ಎರಡನೆಯ ಪಾಟ್ಲಿಯ ಗುರುತು.

ಆದರೂ ಪರೀಕ್ಷೆ ಮಾಡದೆ ಬಿಡಬಾರದು ಎನಿಸಿತು. ಹಿಂದಿನ ಸೋಮವಾರ, ಇದು ನಮ್ಮ ಮನೆಗೆ ಬಂದ ಮೇಲೆ, ಅರಗು ತರಲು ಹುಬ್ಬಳ್ಳಿಗೆ ಹೋದಾಗ ಬಸ್ಸಿನ ಮುಂದಿನ ಸೀಟು ಹಿಡಿದು ಡ್ರೈವರನ ಕೈಯನ್ನೇ ನೋಡುತ್ತ ಹೋಗಿದ್ದೆ. ಎಡಗೈ ಗೇರಿನ ಕಡೆ ಓಡಾಡುತ್ತದೆ, ಬಲಗೈ ಸ್ಟೇರಿಂಗ್ ಬಿಡುವುದಿಲ್ಲ. ಅವನು ಕನ್ನಡಿಯಲ್ಲಿ ನನ್ನನ್ನು ಕಂಡು, "ಯಾಕ್ರೀ ಅಕ್ಕಾರ, ಕಲಿಯಾವ್ರೇನು?" ಎಂದಿದ್ದ. ನಿಮ್ಮ ನೌಕರಿಗೇ ಬರುವವಳಿದ್ದೇನೆ ಎಂದಿದ್ದೆ. ಈಗ ಮೋಟುಮಣೆಯ ಮೇಲೆ ಕೂತು, ಸ್ಟೇರಿಂಗನ್ನು ಎದೆಯ ಮುಂದೆ ಹಿಡಿದು, ಬಲಗೈ ಹಾಗೇ ಇಟ್ಟು ಆ ಕಡೆ ಈ ಕಡೆ ತಿರುಗಿಸಿದೆ. ನನ್ನ ಬಳೆಗಳು ಟಕ್ ಟಕ್ ಎಂದು ಹೋಗಿ ಬಡಿದದ್ದು ಸರಿಯಾಗಿ ಆ ಗುರುತುಗಳ ಮೇಲೆ.

"ಖಾಲಿ ತೊಟ್ಟಲಾ ತೂಗಿದಂಗ ಅದನ್ನ ತೂಗಬ್ಯಾಡ, ಇಡು ಕೆಳಗ," ಎಂದು ಅಪ್ಪ ಗದರಿದ.

ಒಂದೆರಡು ಸಲ ಹಿಡಿದರೆ ಇಂಥ ಗುರುತು ಬೀಳುವುದಿಲ್ಲ. ವರ್ಷಗಟ್ಟಲೆ ಬಡಿದಿರಬೇಕು. ಯಾರೋ ಒಬ್ಬ ಹೆಂಗಸು ಈ ಗಾಡಿಯನ್ನು ವರ್ಷಗಟ್ಟಲೆ ಹೊಡೆದಿದ್ದಳು. ತಂಬೂರು, ಬಮ್ಮಿಗಟ್ಟಿ ಸುತ್ತಮುತ್ತ ಇವತ್ತಿಗೂ ಕಾರು ಹೊಡೆಯುವ ಹೆಂಗಸು ಹೋದರೆ ಜನ ತಿರುಗಿ ನೋಡುತ್ತಾರೆ. ಆ ಕಾಲದಲ್ಲಿ ಯಾರಿವಳು? ಅನ್ನ ರುಚಿಸದಷ್ಟು ಅದೇ ಗುಂಗು ಹಿಡಿಯಿತು.

ಸಾಹುಕಾರರು ಬಂದ ದಿನ ಅಪ್ಪ ಕಣ್ಣಲ್ಲೇ ಬೇಡ ಎಂದ. ನಾನು ಹೇಳಿದೆ. ಮೊದಲು ನನ್ನ ತಪ್ಪು ಒಪ್ಪಿಕೊಂಡೆ, ತುಂಬಿದ್ದು, ತೆಗೆದದ್ದು, ಒಂದು ಗುರುತು ಹೋದದ್ದು. ಅಲ್ಲಿಯವರೆಗೆ ಅವರು ತಲೆಯಾಡಿಸುತ್ತ ಕೇಳಿದರು. ಬಳೆ ಎಂದ ಕೂಡಲೇ ಮುಖ ಬಿಗಿಯಿತು.

"ಅಪ್ಪನ ಉಂಗುರದ್ದು ಇರಬೇಕು."

"ಉಂಗುರ ಬೆರಳಿಗೆ ಇರತೈತ್ರಿ. ಇದು ಮಣಿಕಟ್ಟಿನ ಕೆಲಸ. ಸಾಲ ಹಿಡದು ಅದಾವ ನೋಡ್ರಿ."

"ಅಂದ್ರ ನಮ್ಮಪ್ಪನ ಗಾಡ್ಯಾಗ ಯಾವ ಹೆಂಗಸು ಇದ್ದಳಂತೀರಿ?" ದನಿ ಏರಿತು. "ಕೂಡಸಾಕ ಕೊಟ್ಟಿದ್ದೆ ನಾ, ನಮ್ಮ ಮನಿತನ ಕೆದರಾಕ ಕೊಟ್ಟಿದ್ದಿಲ್ಲ."

ನನಗೂ ಸಿಟ್ಟು ಬಂತು. ನಾನು ಬಾಯಿ ತೆರೆಯುವ ಮೊದಲೇ ಸ್ಟೇರಿಂಗನ್ನು ಚಾದರದಲ್ಲಿ ಸುತ್ತಿ ಎದೆಗೆ ಅವಚಿಕೊಂಡು ಹೋದರು. ಚಪ್ಪಲಿ ಸರಿಯಾಗಿ ಮೆಟ್ಟಲೂ ಇಲ್ಲ. ಹೇಳಿರಲಿಲ್ಲವೇ ಎಂದು ಅಪ್ಪ ಬಯ್ಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಒಬ್ಬ ಮನುಷ್ಯ ಅರವತ್ತು ವರ್ಷ ಇಟ್ಟುಕೊಂಡ ಅಪ್ಪನನ್ನು ನಾನು ನನ್ನ ಮೂಗು ತೂರಿಸುವ ಚಟಕ್ಕೆ ಹಾಳು ಮಾಡಿದೆ ಎಂದು ನಾಲ್ಕು ದಿನ ಕೈಗೆ ಕೆಲಸ ಹತ್ತಲಿಲ್ಲ.

ಐದನೆಯ ದಿನ ಅವರು ಮತ್ತೆ ಬಂದರು. ಒಳಗೆ ಬರಲಿಲ್ಲ, ಹೊಸ್ತಿಲ ಹೊರಗೇ ನಿಂತರು.

"ಅವ್ವ ಕರದಾಳ್ರಿ. ಯಾರು ಇದನ್ನ ತೊಳದಾಕಿ, ಕರಕೊಂಡು ಬಾ ಅಂದಾಳ."

ತಮ್ಮ ದಿನಬಳಕೆಯ ಕಾರಿನಲ್ಲಿ ಕರೆದುಕೊಂಡು ಹೋದರು. ತಂಬೂರು ಇನ್ನೂ ಅರ್ಧ ಕಿಲೋಮೀಟರ್ ಇರುವಾಗ ಒಂದು ದೊಡ್ಡ ಹುಣಸೀಗಿಡ, ಅದರ ಕೆಳಗೆ ಬಸ್ಸಿನ ತಂಗುದಾಣ. ಅದನ್ನು ದಾಟುವಾಗ ಗಾಡಿ ನಿಧಾನ ಮಾಡಿ ಆ ಗಿಡವನ್ನೇ ನೋಡಿದರು. ಯಾಕೆ ಎಂದು ನನಗೆ ಆಗ ತಿಳಿಯಲಿಲ್ಲ.

ವಾಡೆಯ ಅಂಗಳದಲ್ಲಿ ಆ ಗಾಡಿ ನಿಂತಿತ್ತು. ಕೆಂಪು, ಗಿಡ್ಡ, ಮೇಲೆ ಚಾವಣಿ ಇಲ್ಲ, ನಮ್ಮ ದೊಡ್ಡ ತೊಟ್ಟಿಲಿಗೆ ಗಾಲಿ ಹಚ್ಚಿದ ಹಾಗೆ. ಸ್ಟೇರಿಂಗ್ ತನ್ನ ಜಾಗದಲ್ಲಿ ಕೂತಿತ್ತು. ಸಾಹುಕಾರರ ತಾಯಿ ಕಟ್ಟೆಯ ಮೇಲೆ ಗೋಡೆಗೆ ಆತು ಕುಳಿತಿದ್ದರು. ಎಂಬತ್ತು ದಾಟಿದ ಜೀವ, ನೇರ ಬೆನ್ನು, ಹಣೆಯ ಮೇಲೆ ವಿಭೂತಿ. ನನ್ನ ಕಣ್ಣು ಮೊದಲು ಹೋದದ್ದು ಅವರ ಕೈಗೆ. ಒಂದೊಂದು ತೆಳ್ಳನೆಯ ಚಿನ್ನದ ಬಳೆ, ಅಷ್ಟೇ. ಹಸಿರು ಬಳೆಗಳು ಮೂವತ್ತು ವರ್ಷದ ಹಿಂದೆಯೇ ಹೋಗಿದ್ದವು.

"ನೀನೇನು ನನ್ನ ಬಳಿ ಎಣಿಸಿದಾಕಿ?"

ಅಷ್ಟು ಸರಳವಾಗಿ ಬಂತು.

"ಇಷ್ಟು ವರ್ಷ ಜಿಡ್ಡಿನಾಗ ಮುಚ್ಚಿದ್ದೂ. ಮಗ ತಂದು ಇಲ್ಲಿ ಇಟ್ಟ, ಕೈ ಆಡಿಸಿದೆ, ಸಿಕ್ಕೂ. ಮತ್ತ ಈ ತುದಿಗೆ ಒಂದು ಪಾಟ್ಲೀದು ಇರಬೇಕಲ್ಲ ಯವ್ವಾ, ಅದೆಲ್ಲೋತು?"

"ನಾನಽ ಕೆರದೇನ್ರೀ ಅವ್ವಾರ. ತಪ್ಪಾತು."

"ಹೋಗಲಿ ಬಿಡು. ಹೆತ್ತ ಮಗಗ ಅರವತ್ತು ವರ್ಷ ಕಾಣಲಿಲ್ಲ. ನಿನಗ ಒಂದಿನದಾಗ ಕಂಡಾವು. ಒಂದು ನೀನಽ ಇಟಕೋ," ಎಂದು ನಕ್ಕರು. ನನಗೆ ನಗಲು ಆಗಲಿಲ್ಲ, ಕಣ್ಣು ತುಂಬಿ ಬಂದವು.

ಆಮೇಲೆ ಹೇಳಿದರು. ಹುಣಸೀಗಿಡದತನಕ ಗಾಡಿ ಹೊಡೆದದ್ದು ನಾನು ಎಂದಷ್ಟೇ ಮಗನಿಗೆ ಹಿಂದಿನ ದಿನ ಹೇಳಿದ್ದರಂತೆ, ಉಳಿದದ್ದು ಅವತ್ತೇ. ನನಗೆ ಹೇಳುತ್ತಿದ್ದರೂ ಹೇಳಿದ್ದು ಕಂಬಕ್ಕೆ ಆತು ನಿಂತ ಮಗನಿಗೆ. ಗಾಡಿ ಬಂದ ಹೊಸತರಲ್ಲೇ ಯಜಮಾನರು ಒಂದು ಎಮ್ಮೆಯ ಕರುವಿಗೆ ಹಾಯಿಸಿದರಂತೆ. ಕರು ಅವರ ಕಣ್ಣೆದುರೇ ಸತ್ತಿತು. ಅಂದಿನಿಂದ ಸ್ಟೇರಿಂಗ್ ಹಿಡಿದರೆ ಕೈ ನಡುಕ. ಗಾಡಿ ಎಂದರೆ ಜೀವ, ಮಾರಲು ಮನಸ್ಸಿಲ್ಲ. ಹೊಡೆಯಲು ಧೈರ್ಯವಿಲ್ಲ. ಶೇಂಗಾ ಕಿತ್ತ ಹೊಲದಲ್ಲಿ ಹೆಂಡತಿಗೆ ಅವರೇ ಕಲಿಸಿದರು, ಬಾಜೂ ಕೂತು, ಬಾಯಲ್ಲಿ ಹೇಳಿ ಹೇಳಿ.

"ಎರಡಽ ಸೀಟು ನೋಡು. ಹಿಂದ ಕೂತು ನೋಡವರು ಯಾರೂ ಇಲ್ಲ. ಧಾರವಾಡ, ಹುಬ್ಬಳ್ಳಿ, ಎಲ್ಲಾ ನಾನಽ ಹೊಡದೇನಿ. ಮರಳಿ ಬರೂವಾಗ ಆ ಹುಣಸೀಗಿಡದ ಕೆಳಗ ನಿಲ್ಲಸತಿದ್ದೆ. ನಾ ಇಳದು ಅತ್ಲಾಗ, ಅವರು ಇಳದು ಇತ್ಲಾಗ. ನಾ ಸೆರಗು ಹೊತಗೊಂಡು ಕೂಡತಿದ್ದೆ. ಅಲ್ಲಿಂದ ವಾಡೇ ಮಟ ಅಷ್ಟಽ ಅವರು. ಅಷ್ಟಕ್ಕೂ ಸೆರಗಿನ ಕೆಳಗ ಹ್ಯಾಂಡ್ ಬ್ರೇಕ್ ನನ್ನ ಕೈಯಾಗಽ ಇರತಿತ್ತು."

"ನಾ ಕಟ್ಟೀ ಮ್ಯಾಲ ನಿಂತು ನೋಡತಿದ್ದೆನಲ್ಲಬೇ," ಎಂದರು ಮಗ.

"ನೀ ನೋಡಿದ್ದು ಸುಳ್ಳಲ್ಲಪ್ಪಾ. ಅಷ್ಟು ದೂರ ಅವರಽ ಹೊಡದಾರ."

"ಯಾಕ ಮುಚ್ಚಿಟ್ಟಿ ಮತ್ತ?"

"ವಾಡೇ ಸೊಸಿ ಗಾಡಿ ಹೊಡದಳು ಅಂದ್ರ ಊರು ನನ್ನ ನೋಡಿ ನಗತಿದ್ದಿಲ್ಲ, ಅವರನ್ನ ನೋಡಿ ನಗತಿತ್ತು."

"ಅಪ್ಪ ಹೋದ ಮ್ಯಾಲರ ನನಗ ಹೇಳಬೇಕಿತ್ತು."

ಅವ್ವಾರು ಅಂಗಳದ ಗಾಡಿಯ ಕಡೆ ನೋಡಿದರು. "ಅಪ್ಪನ ಗಾಡಿ, ಅಪ್ಪನ ಗಾಡಿ ಅಂತ ಎಷ್ಟು ಖುಷಿಲೆ ಅಂತಿದ್ದಿ. ನಿನ್ನ ಕೈಯಿಂದ ಅದನ್ನ ಹೆಂಗ ಕಸಕೊಳ್ಳಲಿ ನಾ?"

ಸಾಹುಕಾರರು ಒಳಗೆ ಹೋದರು. ಬೇಜಾರು ಮಾಡಿಕೊಂಡು ಹೋದರು ಎಂದುಕೊಂಡೆ. ಕೀಲಿ ಹಿಡಿದುಕೊಂಡು ಬಂದರು. ತಾಯಿಯ ಮುಂದೆ ನಿಂತು ಅಂಗೈ ಚಾಚಿದರು. ಅವ್ವಾರು ಕೀಲಿ ನೋಡಿದರು, ಮಗನ ಮುಖ ನೋಡಿದರು. ಇದೇನು ಹುಚ್ಚು, ನನ್ನ ಕಾಲಿಗೆ ಬಲ ಎಲ್ಲಿದೆ ಎಂದರು. ಎನ್ನುತ್ತಲೇ ಎದ್ದು ನಿಂತಿದ್ದರು.

ಇಬ್ಬರನ್ನೇ ಬಿಡಬೇಕು ಎನಿಸಿ ನಾನು ಊರ ಹೊರಗಿನ ಹುಣಸೀಗಿಡದ ಕಡೆಗೆ ನಡೆದೆ, ಕಲಘಟಗಿಯ ಬಸ್ಸು ಹಿಡಿಯಲು. ಅರ್ಧ ದಾರಿಯಲ್ಲಿ ಗಾಡಿ ನನ್ನನ್ನು ದಾಟಿ ಹೋಯಿತು. ಎತ್ತಿನ ಬಂಡಿಯನ್ನೂ ಹಿಂದೆ ಹಾಕದಷ್ಟು ಮೆಲ್ಲಗೆ. ಆಗ ಸ್ಟೇರಿಂಗಿನ ಮುಂದೆ ಇದ್ದದ್ದು ಮಗ, ಬಾಜೂ ತಲೆ ತುಂಬ ಸೆರಗು ಹೊದ್ದ ಅವ್ವಾರು. ಗಿಡ ದಾಟಿ, ಹೊಲದ ನಡುವಿನ ಜನರಿಲ್ಲದ ರಸ್ತೆಗೆ ತಿರುಗಿದರು.

ಬಸ್ಸಿಗೆ ಕಾಯುತ್ತ ತಂಗುದಾಣದಲ್ಲಿ ಕೂತೆ. ನಾಲ್ಕೈದು ಜನ ಇದ್ದರು, ಹಾಲಿನ ಕ್ಯಾನಿನ ಮೇಲೆ ಕೂತ ಇಬ್ಬರು, ಸಂತೆಗೆ ಹೊರಟ ಹೆಂಗಸರು. ಅರ್ಧ ತಾಸು ಕಳೆದಿರಬೇಕು. ಆ ರಸ್ತೆಯ ಕಡೆಯಿಂದ ಗಾಡಿ ಮರಳಿ ಬಂತು. ಈಗ ಸ್ಟೇರಿಂಗ್ ಹಿಡಿದವರು ಅವ್ವಾರು. ತಲೆಯ ಮೇಲೆ ಸೆರಗಿಲ್ಲ, ಅದನ್ನು ನಡುವಿಗೆ ಸಿಕ್ಕಿಸಿದ್ದರು. ಬಾಜೂ ಸೀಟಿನಲ್ಲಿ ಮಗ, ಮೊಣಕಾಲು ಎದೆಗೆ ಬರುವ ಹಾಗೆ ಮುದುಡಿ ಕೂತು, ಒಂದು ಕೈ ಹ್ಯಾಂಡ್ ಬ್ರೇಕಿನ ಮೇಲೆ. ಅರವತ್ತರ ವಯಸ್ಸಿನಲ್ಲಿ ಮೊದಲ ಸಲ ಆ ಗಾಡಿಯಲ್ಲಿ ಮಗನಾಗಿ ಕೂರಲು ಅವರಿಗೆ ಜಾಗ ಸಿಕ್ಕಿತ್ತು.

ಗಾಡಿ ಬಂದು ಹುಣಸೀಗಿಡದ ಕೆಳಗೆ ನಿಂತಿತು. ಯಾರೂ ನಿಲ್ಲಿಸು ಎಂದಿರಲಿಲ್ಲ. ಅವ್ವಾರು ಬಾಗಿಲು ತೆಗೆದು ಒಂದು ಕಾಲು ಹೊರಗೆ ಇಟ್ಟರು, ನಡುವಿನ ಸೆರಗು ಬಿಚ್ಚಿ ತಲೆಯ ಮೇಲೆ ಎಳೆದುಕೊಂಡರು. "ಇಳಿ, ಈ ಕಡೆ ಬಾ," ಎಂದರು.

ಮಗ ಏಳಲಿಲ್ಲ. ಎದುರಿಗೆ ಊರಿನ ದಾರಿ, ಅಲ್ಲಿ ಜನ. ತಂಗುದಾಣದಲ್ಲಿ ಕೂತವರು ಮಾತು ನಿಲ್ಲಿಸಿ ನೋಡುತ್ತಿದ್ದರು.

"ಕಾಲು ಒಳಗ ತೊಗೋಬೇ ಯವ್ವಾ," ಎಂದರು ಮಗ, ಎಲ್ಲರಿಗೂ ಕೇಳುವಷ್ಟು ಜೋರಾಗಿ. "ವಾಡೇ ಮಟ ನೀನಽ ಹೊಡಿ."

ಅವರು ಸ್ವಲ್ಪ ಹೊತ್ತು ಹಾಗೇ ಕೂತರು, ಒಂದು ಕಾಲು ನೆಲದ ಮೇಲೆ ಇಟ್ಟುಕೊಂಡು. ನನ್ನ ಬಸ್ಸು ಬಂದು ಹಾರ್ನ್ ಹೊಡೆಯಿತು, ನಾನು ಹತ್ತಲಿಲ್ಲ. ಅವ್ವಾರು ಕಾಲು ಒಳಗೆ ತೆಗೆದುಕೊಂಡು ಬಾಗಿಲು ಹಾಕಿದರು. ಗಾಡಿ ಊರೊಳಗೆ ಹೋಯಿತು.